ಕಣ್ಣಿನ ಗೋಡೆಗೊಂದು ಆಸರೆ: ಕೆರಟೋಕೋನಸ್ ಚಿಕಿತ್ಸೆಯ ಕಥೆ

ಈ ಎಪಿಸೋಡನ್ನ ನಿಮ್ಮಲ್ಲಿ ಒಂದಷ್ಟು ಜನ ಮಾರಿಕುಪ್ಪಂ–ಬೆಂಗಳೂರು ಟ್ರೈನಲ್ಲಿ ನಿಂತ್ಕೊಂಡೇ ಕೇಳ್ತಿರ್ತೀರ. ನಿಮಗೆ ಎರಡು ಪ್ರಶ್ನೆ. ಕಳೆದ ಎರಡು ವರ್ಷದಲ್ಲಿ ನಿಮ್ಮ ಕನ್ನಡಕದ ನಂಬರ್ ಎಷ್ಟು ಸಲ ಬದಲಾಗಿದೆ? ರಾತ್ರಿ ಬಂಗಾರಪೇಟೆ ಸ್ಟೇಷನ್‌ನಲ್ಲಿ ಇಳಿದಾಗ, ಒಂದೇ ಲೈಟು ಎರಡು ಮೂರಾಗಿ, ಬಾಲ ಎಳ್ಕೊಂಡ ಹಾಗೆ ಕಾಣುತ್ತಾ? ಹೌದು ಅನ್ನೋರು ಸ್ವಲ್ಪ ಗಮನ ಇಟ್ಟು ಕೇಳಿ. ನಾನು ಓದಿರೋದು ಬಿ.ಕಾಂ., ಡಾಕ್ಟರ್ ಅಲ್ಲ. ಹಾಗಾಗಿ ಚಿಕಿತ್ಸೆ ಯಾವುದು ಬೇಕು ಅಂತ ನಿಮ್ಮ ಡಾಕ್ಟರೇ ಹೇಳಲಿ, ಆ ಚಿಕಿತ್ಸೆ ಇಲ್ಲಿವರೆಗೆ ಬಂದ ದಾರಿ ನಾನು ಹೇಳ್ತೀನಿ.

ಕಣ್ಣಿನ ಮುಂಭಾಗದಲ್ಲಿ ಗಾಜಿನಂತೆ ಪಾರದರ್ಶಕವಾದ ಪದರ ಇದೆ, ಅದೇ ಕಾರ್ನಿಯಾ. ನಟ್ಟನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಕೆಲವರಿಗೆ ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಈ ಪದರ ತೆಳುವಾಗ್ತಾ ಹೋಗುತ್ತೆ. ಕಣ್ಣೊಳಗಿನ ಒತ್ತಡಕ್ಕೆ ತೆಳುವಾದ ಜಾಗ ಮುಂದಕ್ಕೆ ಉಬ್ಬಿ ಶಂಕುವಿನ ಆಕಾರಕ್ಕೆ ಬರುತ್ತೆ. ಬೆಳಕು ಒಂದೇ ಕಡೆ ಸೇರೋದಿಲ್ಲ, ಕನ್ನಡಕ ಬದಲಾಯಿಸಿದರೂ ಸ್ಪಷ್ಟ ಕಾಣೋದಿಲ್ಲ. ಇದೇ ಕೆರಟೋಕೋನಸ್.

ಕೆಜಿಎಫ್‌ನವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಒತ್ತಡ ತಡೆಯೋಕೆ ಆಸರೆ ಕೊಡಲೇಬೇಕಿತ್ತು. ಆಸರೆ ಸಾಲದೇ ಹೋದಾಗ ಬಂಡೆ ಸಿಡಿದು ಎಷ್ಟೋ ಕಾರ್ಮಿಕರು ಪ್ರಾಣ ಕಳ್ಕೊಂಡ್ರು. ಗೋಡೆ ಉಬ್ಬಿದಾಗ ಅದನ್ನೇ ಕಿತ್ತು ಹೊಸದು ಕಟ್ಟೋದಾ, ಇರೋ ಗೋಡೆಗೇ ಆಸರೆ ಕೊಡೋದಾ? ಕಣ್ಣಿನ ಡಾಕ್ಟರುಗಳೂ ನೂರೈವತ್ತು ವರ್ಷ ಇದೇ ಪ್ರಶ್ನೆ ಇಟ್ಕೊಂಡು ಕೆಲಸ ಮಾಡಿದ್ದಾರೆ.

1854ರಲ್ಲಿ ಇಂಗ್ಲೆಂಡಿನ ಜಾನ್ ನಾಟಿಂಗ್‌ಹ್ಯಾಮ್ ಅನ್ನೋ ವೈದ್ಯರು ಈ ಕಾಯಿಲೆಯನ್ನ ವಿವರವಾಗಿ ಬರೆದು ಪುಸ್ತಕ ಮಾಡಿದ್ರು. ಕೆರಟೋಕೋನಸ್ ಅನ್ನೋ ಹೆಸರು ನಿಂತಿದ್ದು 1869ರ ಹೊತ್ತಿಗೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಬಂತಲ್ಲ, ಅದೇ ದಶಕದಲ್ಲಿ, 1888ರಲ್ಲಿ, ಪ್ಯಾರಿಸ್ಸಿನ ಯೂಜೀನ್ ಕಾಲ್ಟ್ ಉಬ್ಬಿದ ಕಾರ್ನಿಯಾ ಮೇಲೆ ಗಾಜಿನ ಚಿಪ್ಪು ಇಟ್ಟು ನೋಡಿದ್ರು. ಇವತ್ತಿನ ಕಾಂಟ್ಯಾಕ್ಟ್ ಲೆನ್ಸಿನ ಪೂರ್ವಜರಲ್ಲಿ ಅದೂ ಒಂದು. ಲೆನ್ಸ್ ದೃಷ್ಟಿ ಕೊಡುತ್ತೆ, ಆದ್ರೆ ಕಾಯಿಲೆ ಮುಂದುವರಿಯೋದನ್ನ ತಡೆಯೋದಿಲ್ಲ.

ಎರಡನೇ ದಾರಿ, ಕಾರ್ನಿಯಾವನ್ನೇ ಬದಲಾಯಿಸೋದು. 1905ರ ಡಿಸೆಂಬರ್‌ನಲ್ಲಿ, ಈಗಿನ ಚೆಕ್ ದೇಶದ ಓಲೊಮೊತ್ಸ್ ಊರಲ್ಲಿ ಎಡ್ವರ್ಡ್ ಜಿರ್ಮ್, ಸುಣ್ಣ ಬಿದ್ದು ಕಣ್ಣು ಕಳ್ಕೊಂಡಿದ್ದ ಕೂಲಿಕಾರನೊಬ್ಬನಿಗೆ ಇನ್ನೊಬ್ಬರ ಕಾರ್ನಿಯಾ ಹಾಕಿ ಯಶಸ್ವಿಯಾದ್ರು. 1936ರಲ್ಲಿ ಅಮೆರಿಕದಲ್ಲಿ ರಾಮೋನ್ ಕ್ಯಾಸ್ಟ್ರೊವಿಯೆಹೊ ಕೆರಟೋಕೋನಸ್‌ಗೂ ಇದೇ ಶಸ್ತ್ರಚಿಕಿತ್ಸೆ ಮಾಡಿದ್ರು. ನಮ್ಮ ದೇಶದ ಮೊದಲ ನೇತ್ರ ಬ್ಯಾಂಕ್ ಶುರುವಾಗಿದ್ದು 1945ರಲ್ಲಿ, ಮದ್ರಾಸಿನ ಎಗ್ಮೋರ್‌ನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ. ಅದರ ಹಿಂದೆ ಇದ್ದವರು ಡಾ. ಆರ್.ಇ.ಎಸ್. ಮುತ್ತಯ್ಯ. ಬಂಗಾರಪೇಟೆ ಜಂಕ್ಷನ್‌ನಲ್ಲಿ ಟ್ರೈನ್ ಹತ್ತಿದ್ರೆ ಒಂದು ದಿಕ್ಕಿಗೆ ಆ ಮದ್ರಾಸು, ಇನ್ನೊಂದು ದಿಕ್ಕಿಗೆ 1896ರಲ್ಲಿ ಶುರುವಾದ ಮಿಂಟೋ ಕಣ್ಣಾಸ್ಪತ್ರೆ ಇರೋ ಬೆಂಗಳೂರು.

ಕಾರ್ನಿಯಾ ಬದಲಾಯಿಸೋದು ಸಣ್ಣ ಕೆಲಸವಲ್ಲ. ಹೊಲಿಗೆಗಳಿರುತ್ತೆ, ದೃಷ್ಟಿ ಒಂದು ಹದಕ್ಕೆ ಬರೋಕೆ ತಿಂಗಳುಗಟ್ಟಲೆ ಬೇಕು. ವರ್ಷಗಳ ನಂತರವೂ ದೇಹ ಅದನ್ನ ತಿರಸ್ಕರಿಸಬಹುದು. ಇಪ್ಪತ್ತು ವಯಸ್ಸಿನ ಹುಡುಗ ಹುಡುಗಿಯರಿಗೆ ಮುಂದಿನ ಐವತ್ತು ವರ್ಷದ ಲೆಕ್ಕ ಅದು.

ಹಾಗಾಗಿ ಆಸರೆಯ ಯೋಚನೆ ಬಂತು. ಕಾರ್ನಿಯಾದ ಪದರದೊಳಗೆ ಸಣ್ಣ ಸುರಂಗ ಕೊರೆದು, ಅರ್ಧ ಬಳೆಯಂಥ ಪ್ಲಾಸ್ಟಿಕ್ ತುಂಡುಗಳನ್ನ ಕೂರಿಸೋದು. ಅವು ಅಂಚಿನಲ್ಲಿ ಕೂತ್ರೆ ನಡುವಿನ ಉಬ್ಬು ಸ್ವಲ್ಪ ಚಪ್ಪಟೆಯಾಗುತ್ತೆ. ಬ್ರೆಜಿಲ್‌ನ ಪೌಲೊ ಫೆರಾರಾ 1980ರ ದಶಕದಿಂದಲೇ ಇಂಥ ರಿಂಗ್ ಮೇಲೆ ಕೆಲಸ ಮಾಡ್ತಿದ್ರು. ಇಂಟ್ಯಾಕ್ಸ್ ಅನ್ನೋ ರಿಂಗಿಗೆ ಅಮೆರಿಕದಲ್ಲಿ 1999ರಲ್ಲಿ ಅನುಮತಿ ಸಿಕ್ಕಿದ್ದು ಕಡಿಮೆ ಮೈನಸ್ ಪವರ್ ಇರೋರಿಗೆ. ಆ ಮಾರುಕಟ್ಟೆಯನ್ನ ಲೇಸಿಕ್ ನುಂಗಿ ಹಾಕ್ತು. ಆದ್ರೆ ಫ್ರಾನ್ಸ್‌ನ ಜೋಸೆಫ್ ಕಾಲಿನ್ ಅದನ್ನೇ ಕೆರಟೋಕೋನಸ್‌ಗೆ ಬಳಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದ್ರು. 2004ರಲ್ಲಿ ಅಮೆರಿಕ ಈ ಬಳಕೆಗೂ ಒಪ್ಪಿಗೆ ಕೊಡ್ತು.

ಒಂದು ವಿಷಯ ಮರೀಬೇಡಿ. ರಿಂಗ್ ಆಕಾರ ತಿದ್ದುತ್ತೆ, ಆಮೇಲೂ ಕನ್ನಡಕ ಬೇಕಾಗಬಹುದು. ಕಾಯಿಲೆ ಮುಂದುವರಿಯೋದನ್ನ ನಿಲ್ಲಿಸೋ ಕೆಲಸ ಬೇರೆಯದು, ಅದರ ಹೆಸರು ಕ್ರಾಸ್‌ಲಿಂಕಿಂಗ್. ಬಿ2 ವಿಟಮಿನ್ ಹನಿ ಹಾಕಿ, ನೇರಳಾತೀತ ಬೆಳಕು ಬಿಟ್ಟು, ಕಾರ್ನಿಯಾದ ಎಳೆಗಳನ್ನ ಒಂದಕ್ಕೊಂದು ಬಿಗಿಯಾಗಿ ಹೆಣೆಯೋದು. ಜರ್ಮನಿಯ ಡ್ರೆಸ್ಡನ್ ತಂಡ 23 ಕಣ್ಣುಗಳ ಮೇಲಿನ ಫಲಿತಾಂಶವನ್ನ 2003ರಲ್ಲಿ ಪ್ರಕಟಿಸಿತು. ಹೋದ ದೃಷ್ಟಿಯನ್ನ ಪೂರ್ತಿ ತರೋದು ಕ್ರಾಸ್‌ಲಿಂಕಿಂಗ್‌ನ ಕೆಲಸ ಅಲ್ಲ, ಇರೋದನ್ನ ಉಳಿಸೋದು. ಅದಕ್ಕೇ ಬೇಗ ಗೊತ್ತಾಗಬೇಕು.

ಈಗ ಕಥೆ ಮತ್ತೆ ನಮ್ಮ ರೈಲು ದಾರಿಗೆ ಬರುತ್ತೆ. ಚೆನ್ನೈನ ಡಾ. ಸೂಸನ್ ಜೇಕಬ್, ಪ್ಲಾಸ್ಟಿಕ್ ಬದಲು ದಾನಿಗಳ ಕಾರ್ನಿಯಾದಿಂದಲೇ ಅರ್ಧ ಬಳೆ ಕತ್ತರಿಸಿ ಸುರಂಗದೊಳಗೆ ಇಡೋ ವಿಧಾನವನ್ನ 2018ರಲ್ಲಿ ಪ್ರಕಟಿಸಿದ್ರು. ಅದಕ್ಕೆ ಕೇರ್ಸ್ ಅಂತಾರೆ. ಒಳಪದರದ ಜೀವಕೋಶ ದುರ್ಬಲವಾಗಿ ಪೂರ್ತಿ ಕಸಿಗೆ ಬಾರದ ಕಾರ್ನಿಯಾ ಕೂಡ ಇದಕ್ಕೆ ಉಪಯೋಗಕ್ಕೆ ಬರುತ್ತೆ.

ಅಂದ್ರೆ ಈ ಆಸರೆಯೂ ನೇತ್ರದಾನದ ಮೇಲೇ ನಿಂತಿದೆ. ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಹೋದಾಗ ಅವರ ಕಣ್ಣು ದಾನವಾಗಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ, ನಾರಾಯಣ ನೇತ್ರಾಲಯದಲ್ಲಿ ಅವರ ಎರಡು ಕಾರ್ನಿಯಾಗಳನ್ನ ಮುಂಪದರ, ಹಿಂಪದರ ಅಂತ ಬಿಡಿಸಿ ನಾಲ್ಕು ಜನರಿಗೆ ಕೊಟ್ರು. ಎರಡು ಕಣ್ಣು ಎರಡೇ ಜನಕ್ಕೆ ಅನ್ನೋ ಹಳೇ ಲೆಕ್ಕ ನಮ್ಮ ಕಣ್ಣೆದುರೇ ಬದಲಾಯ್ತು.

ಕೆಜಿಎಫ್‌ನಲ್ಲಿ ಒಂದು ಕಾಲಕ್ಕೆ ಗಣಿಯ ಆಸ್ಪತ್ರೆ ಇತ್ತು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಅದೂ ಬಾಗಿಲು ಹಾಕ್ತು. ಈಗ ದೊಡ್ಡ ಚಿಕಿತ್ಸೆಗೆ ಟ್ರೈನೇ ಗತಿ, ಒಂದು ದಿನದ ಸಂಬಳವೂ ಹೋಗುತ್ತೆ. ಅದಕ್ಕೇ ಎಷ್ಟೋ ಜನ ಕನ್ನಡಕದ ಅಂಗಡಿಯಲ್ಲಿ ನಂಬರ್ ಬದಲಾಯಿಸ್ಕೊಂಡು ಸುಮ್ಮನಾಗ್ತಾರೆ. ಅಷ್ಟರಲ್ಲಿ ಕ್ರಾಸ್‌ಲಿಂಕಿಂಗ್ ಮಾಡೋ ಸಮಯ ಕೈತಪ್ಪಿ, ಕಾರ್ನಿಯಾ ಬದಲಾಯಿಸೋ ಹಂತಕ್ಕೆ ಬಂದಿರ್ತಾರೆ.

ಇನ್ನೊಂದು ಮಾತು. ಬೇಸಿಗೆಯಲ್ಲಿ ಸೈನೈಡ್ ದಿಬ್ಬದ ಧೂಳು ಎದ್ದಾಗ ಕಣ್ಣು ತುರಿಸುತ್ತೆ, ಉಜ್ಜಬೇಕು ಅನ್ಸುತ್ತೆ. ಧೂಳಿಗೂ ಕೆರಟೋಕೋನಸ್‌ಗೂ ನೇರ ಗೆರೆ ನಾನು ಎಳೀತಿಲ್ಲ. ಆದ್ರೆ ಕಣ್ಣುಜ್ಜೋ ಅಭ್ಯಾಸ ಈ ಕಾಯಿಲೆಯನ್ನ ಹೆಚ್ಚಿಸುತ್ತೆ ಅಂತ ಡಾಕ್ಟರುಗಳು ಒತ್ತಿ ಹೇಳ್ತಾರೆ. ತಣ್ಣೀರಲ್ಲಿ ಮುಖ ತೊಳೀರಿ, ಅಲರ್ಜಿಗೆ ಡ್ರಾಪ್ಸ್ ಕೇಳಿ ಹಾಕ್ಕೊಳ್ಳಿ.

ನಂಬರ್ ಪದೇ ಪದೇ ಬದಲಾಗ್ತಿದ್ರೆ ಕಣ್ಣಿನ ಡಾಕ್ಟರ್ ಹತ್ರ ಹೋಗಿ "ಕಾರ್ನಿಯಲ್ ಟೊಪೊಗ್ರಫಿ ಮಾಡಿಸಬೇಕಾ?" ಅಂತ ಕೇಳಿ. ಅದು ಕಾರ್ನಿಯಾದ ನಕ್ಷೆ ತೆಗೆಯೋ ಸ್ಕ್ಯಾನ್, ಸೂಜಿ ಇಲ್ಲ, ನೋವಿಲ್ಲ. ಮನೇಲಿ ತಮ್ಮನೋ ತಂಗಿಯೋ ಸದಾ ಕಣ್ಣುಜ್ಜುತ್ತಿದ್ರೆ ಅವರನ್ನೂ ಜೊತೆಗೆ ಕರ್ಕೊಂಡು ಹೋಗಿ. ಮುಂದಿನ ಎಪಿಸೋಡಲ್ಲಿ ಸಿಗೋಣ.