ಕಾದಂಬರಿಯ ಅಂಗಗಳೂ ಕರಾವಳಿಯ ನೆಲವೂ

ತ್ರಾಸಿಯನ್ನು ದಾಟಿ ಮರವಂತೆಗೆ ಸಾಗುವ ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ. ಇಂತಹ ಇಕ್ಕಟ್ಟಿನ ನೆಲದಲ್ಲಿ ಬೇಸಾಯವೂ ಸಂಸಾರವೂ ನೀರಿನ ಇಚ್ಛೆಗೆ ಒಳಪಟ್ಟಿರುವುವು. ಈ ಕರಾವಳಿಯ ನೆಲವು ಕನ್ನಡ ಕಾದಂಬರಿಯ ಅಂಗವಾದ ಬಗೆಯು ವಿಚಾರಾರ್ಹವಾದುದು.

ವಸ್ತು, ಪಾತ್ರ, ದೇಶಕಾಲ, ನಿರೂಪಣೆ ಎಂಬಿವು ಕಾದಂಬರಿಯ ಮುಖ್ಯಾಂಗಗಳು. 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ ವಸ್ತುವಿಗೇ ಅಗ್ರಸ್ಥಾನ. ತರುಣ ವಿಧವೆಯೊಬ್ಬಳು ವಿದ್ಯೆ ಕಲಿತು ಮರುವಿವಾಹವಾಗುವುದೇ ಅದರ ತಿರುಳು. ‘ಸದ್ಧರ್ಮವಿಜಯ’ವೆಂಬ ಅದರ ಇನ್ನೊಂದು ಹೆಸರೇ ಕಥೆಯ ಕೊನೆಯನ್ನು ಮುಂದಾಗಿ ಸಾರುವುದು. ಪಾತ್ರಗಳು ಬಹುಮಟ್ಟಿಗೆ ಒಳಿತು ಕೆಡುಕುಗಳೆಂಬ ಎರಡು ಪಕ್ಷಗಳಾಗಿ ನಿಲ್ಲುವುವು. ಸಮಾಜವನ್ನು ತಿದ್ದಲು ಹೊರಟವರಿಗೆ ಈ ಸ್ಪಷ್ಟತೆಯು ಬೇಕಾಗಿದ್ದಿತು; ಅದನ್ನು ಕುಂದೆನ್ನಲಾಗದು.

ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಈ ಅಂಗಗಳ ಸಂಬಂಧವು ಬೇರೆಯಾಯಿತು. ಮೂರು ತಲೆಮಾರುಗಳ ಈ ಕಥೆಯಲ್ಲಿ ಕಡಲಿಗೂ ಹೊಳೆಗೂ ನಡುವಣ ಹಳ್ಳಿಯೇ ಪಾತ್ರಗಳನ್ನು ರೂಪಿಸುವುದು. ರಾಮ ಐತಾಳರ ಮನೆಯ ಹೆಂಗಸರ ದುಡಿಮೆ, ಮಗ ಲಚ್ಚನ ದುರ್ನಡತೆ, ಸೊಸೆ ನಾಗವೇಣಿಯ ತಾಳ್ಮೆ, ಮೊಮ್ಮಗನು ಊರಿಗೆ ಮರಳುವುದು, ಇವೆಲ್ಲವನ್ನೂ ಆ ನೆಲದಿಂದ ಬೇರ್ಪಡಿಸಿ ನೋಡಲಾಗದು. ಹೆಸರಿನಲ್ಲಿರುವ ‘ಮಣ್ಣು’ ಉಳುವ ಮಣ್ಣೂ ಹೌದು, ಬಾಳಿನ ನೆಲೆಗೆ ಸಂಕೇತವೂ ಹೌದು.

ಹೆಂಗಸಿನ ಪಾಡನ್ನು ಮೊದಲನೆಯ ಕೃತಿಯು ವಾದದಿಂದ ಮನಗಾಣಿಸಿತು. ಎರಡನೆಯದು ದಿನದಿನದ ದುಡಿಮೆಯಿಂದ. ಮುಂದೇನಾಯಿತೆಂದಷ್ಟೇ ಕೇಳುವ ಓದುಗರಿಗೆ ನಾಗವೇಣಿಯ ದುಃಖವು ತಿಳಿದೀತು. ಆಕೆ ಅದನ್ನು ಯಾವ ಬಲದಿಂದ ಸಹಿಸಿದಳೆಂಬುದು ಆ ನೆಲವನ್ನೂ ಕಾಲವನ್ನೂ ಗಮನಿಸಿದವರಿಗೇ ತಿಳಿಯುವುದು.