ಭದ್ರೆಯ ದಡದ ಲೆಕ್ಕ

2023ರ ಫೆಬ್ರವರಿ ತಿಂಗಳು. ಹತ್ತನೆಯ ತರಗತಿಗೆ ಪುನರಾವರ್ತನೆ ನಡೆದಿತ್ತು. 'ಹೊಂದಿಸಿ ಬರೆಯಿರಿ' ಎಂದು ಬೋರ್ಡಿನ ಒಂದು ಬದಿಗೆ ಊರುಗಳನ್ನೂ ಇನ್ನೊಂದು ಬದಿಗೆ ಕೈಗಾರಿಕೆಗಳನ್ನೂ ಬರೆದಿದ್ದೆ. ಭದ್ರಾವತಿ ಎಂದೊಡನೆ ಮಕ್ಕಳೆಲ್ಲ "ಕಬ್ಬಿಣ, ಕಾಗದ" ಎಂದು ಕೂಗಿದರು. ನಮ್ಮೂರೇ ಅಲ್ಲವೇ! ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತು, "ಮೇಡಂ, ಕಾರ್ಖಾನೆ 'ಇದೆ' ಅಂತ ಬರೀಬೇಕಾ, 'ಇತ್ತು' ಅಂತ ಬರೀಬೇಕಾ?" ಎಂದು ಕೇಳಿದಳು. ಯಾರೂ ನಗಲಿಲ್ಲ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹಿಂದಿನ ತಿಂಗಳಷ್ಟೇ ಹೊರಬಿದ್ದಿತ್ತು. "ಪುಸ್ತಕದಲ್ಲಿ ಇದ್ದ ಹಾಗೆ ಬರಿಯಮ್ಮ" ಎಂದು ಅವಳನ್ನು ಕೂರಿಸಿದೆ. ಅದು ಉತ್ತರವಲ್ಲ ಎಂಬುದು ಅವಳಿಗೂ ಗೊತ್ತಾಯಿತು, ನನಗೂ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಬಂದ ಹೊಸತರಲ್ಲಿ ನಮ್ಮ ಮನೆಗೆ ಗಡಿಯಾರಕ್ಕಿಂತ ಕಾರ್ಖಾನೆಯ ಸೈರನ್ನೇ ಹೆಚ್ಚು. "ಸೈರನ್ ಆಯ್ತಲ್ಲೇ, ಅಕ್ಕಿ ಇಟ್ಟೆಯಾ?" ಎಂದು ಅತ್ತೆಯವರು ನಡುಮನೆಯಿಂದಲೇ ಕೇಳುತ್ತಿದ್ದರು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ಆದರೂ ಬದುಕಿಡೀ ಅವರು ಮೂರು ಪಾಳಿಯಲ್ಲೇ ದುಡಿದರು.

ಈ ಊರು ಕಾರ್ಖಾನೆಯಿಂದ ಹುಟ್ಟಿದ್ದಲ್ಲ. ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋದರೆ ಅದು ತಿಳಿಯುತ್ತದೆ. ಹದಿಮೂರನೆಯ ಶತಮಾನದ ಹೊಯ್ಸಳರ ತ್ರಿಕೂಟ ಗುಡಿ ಅದು. ಆ ಕಾಲದಲ್ಲಿ ಗುಡಿ ಎಂದರೆ ದೇವರ ಮನೆ ಮಾತ್ರವಲ್ಲ. ಹೂವಿನವರು, ಎಣ್ಣೆಯವರು, ವಾದ್ಯದವರು, ಕಲ್ಲುಕುಟಿಗರು, ಗದ್ದೆ ಉಳುವವರು ಎಲ್ಲರ ಜೀವನೋಪಾಯಕ್ಕೂ ಅದೊಂದು ಆಧಾರ. ಬೆಂಕಿಪುರ ಎಂದು ಕರೆಯುತ್ತಿದ್ದ ಈ ಊರಿನ ಮೇಲೆ ಬೀರೂರು–ಶಿವಮೊಗ್ಗ ರೈಲು 1899ರಲ್ಲಿ ಓಡಿತು. ಕಬ್ಬಿಣದ ಯೋಜನೆ ಬಂದದ್ದು ಆಮೇಲೆ.

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಕಬ್ಬಿಣದ ಕಾರ್ಖಾನೆಯ ವಿಚಾರ ಗಟ್ಟಿಯಾದದ್ದು ಅವರ ಕಾಲದಲ್ಲೇ. ಅವರ ಲೆಕ್ಕದ ರೀತಿ ನಮ್ಮ ಅಡಿಗೆಮನೆಯದೇ: ಪೇಟೆಗೆ ಚೀಟಿ ಬರೆಯುವ ಮೊದಲು ಮನೆಯ ಡಬ್ಬಿಗಳನ್ನು ತೆರೆದು ನೋಡುವುದು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಸುತ್ತ ಕಾಡಿತ್ತು, ಭದ್ರೆಯಲ್ಲಿ ನೀರಿತ್ತು, ರೈಲಿತ್ತು. ಇಲ್ಲದ್ದು ಕಲ್ಲಿದ್ದಲು. ಅದಕ್ಕೆ ಬದಲು ಕಾಡಿನ ಸೌದೆಯ ಇದ್ದಿಲಿನಿಂದ ಕಬ್ಬಿಣ ಕರಗಿಸುವುದು ಎಂದಾಯಿತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು.

ನಾವು ಹೀರೇಕಾಯಿಯ ತಿರುಳನ್ನು ಪಲ್ಯಕ್ಕೆ ಹಾಕಿ ಸಿಪ್ಪೆಯನ್ನು ಚಟ್ನಿಗೆ ಉಳಿಸುವುದಿಲ್ಲವೇ? ಅಲ್ಲಿಯೂ ಹಾಗೆಯೇ ಮಾಡಿದರು. ಸೌದೆಯನ್ನು ಬಯಲಲ್ಲಿ ಸುಡದೆ ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಬರುವ ಹೊಗೆಯನ್ನು ತಣಿಸಿ, ಮರದ ಮದ್ಯಸಾರ, ಅಸಿಟೇಟ್, ಡಾಂಬರು ತೆಗೆದರು. ಇದ್ದಿಲು ಕುಲುಮೆಗೆ, ಹೊಗೆಯ ಸಾರ ಮಾರಾಟಕ್ಕೆ. ಕಾಗದದ ಮೇಲೆ ಚೊಕ್ಕ ಲೆಕ್ಕ. ಆದರೆ ಮೊದಲ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಕುಸಿದಿತ್ತು. ಸಾಲದ್ದಕ್ಕೆ ಅದೇ 1923ರಲ್ಲಿ ಜರ್ಮನಿಯವರು ಮರದ ಹಂಗಿಲ್ಲದೆ ಆ ಮದ್ಯಸಾರವನ್ನು ತಯಾರಿಸತೊಡಗಿದರು. ಸಿಪ್ಪೆಯ ಚಟ್ನಿಯನ್ನು ಕೇಳುವವರಿಲ್ಲದಂತಾಯಿತು.

ನಷ್ಟದ ಕಾರ್ಖಾನೆಯನ್ನು ಮುಚ್ಚಿಬಿಡಿ ಎಂಬ ಮಾತು ಆಗಲೇ ಕೇಳಿಬಂದಿತ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಸರ್ಕಾರ ಕರೆಸಿ ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಮಾಡಿತು. 1929ರವರೆಗೆ ಅವರು ಅದನ್ನು ನಡೆಸಿದರು; ಖರ್ಚು ಇಳಿಸಿದರು; ಹೊರಗಿನವರ ಜಾಗದಲ್ಲಿ ನಮ್ಮವರನ್ನೇ ತರಬೇತು ಮಾಡಿದರು. ಆ ಕೆಲಸಕ್ಕೆ ಸಲ್ಲಬೇಕಾದ ಸಂಬಳವನ್ನು ತಾವು ಮುಟ್ಟದೆ, ಮುಂದೆ ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. 1934ರಲ್ಲಿ ಇಡೀ ದೇಶಕ್ಕೆ ಆರ್ಥಿಕ ಯೋಜನೆ ಬೇಕೆಂದು ಪುಸ್ತಕ ಬರೆದವರಿಗೆ ನಮ್ಮೂರಿನ ನಷ್ಟವೂ ಪಾಠವಾಗಿರಬೇಕು ಎಂದು ನನಗನ್ನಿಸುತ್ತದೆ.

1936ರಲ್ಲಿ ಇಲ್ಲಿ ಉಕ್ಕು ಬಂತು. ಅದೇ ವರ್ಷ ಮೈಸೂರು ಕಾಗದ ಕಾರ್ಖಾನೆಯ ಸ್ಥಾಪನೆಯಾಯಿತು. ಅದರ ಹಿಂದೆಯೇ ಸಿಮೆಂಟೂ ಬಂತು. ಜೋಗದ ವಿದ್ಯುತ್ತು ದೊರೆತ ಮೇಲೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಉರಿದವು. ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಆಟದ ಮೈದಾನ, ಎಲ್ಲವೂ ಆದವು. ತಮಿಳು, ತೆಲುಗು, ಉರ್ದು, ಮಲಯಾಳ ಮಾತಾಡುವವರು ಒಂದೇ ಸಾಲಿನಲ್ಲಿ ವಾಸಿಸಿದರು. ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಹೋಯಿತು. ಇದನ್ನು ಯೋಜನೆಯ ಫಲವೆಂದು ಒಪ್ಪಿಕೊಳ್ಳದಿದ್ದರೆ ನಾವು ಕೃತಘ್ನರಾಗುತ್ತೇವೆ.

ಆದರೆ ಲೆಕ್ಕದಲ್ಲಿ ಸೇರದೆ ಉಳಿದದ್ದೂ ಇದೆ. ಇದ್ದಿಲಾಗಿ, ಕಾಗದವಾಗಿ ಹೋದ ಮರ, ಬಿದಿರುಗಳಿಗೆ ಬೆಲೆ ಕಟ್ಟಿದವರಾರು? ಶುದ್ಧ ನೀರು ಕೊಟ್ಟು ಕೊಳಕು ನೀರು ಪಡೆದ ಭದ್ರೆಗೆ ಜಮಾ ಎಷ್ಟು, ಖರ್ಚು ಎಷ್ಟು? ಸಂಬಳದ ದಿನವನ್ನೇ ನೆಚ್ಚಿಕೊಂಡ ಹೂವಿನವಳು, ಹಿಟ್ಟಿನ ಗಿರಣಿಯವರು, ರವಿಕೆ ಹೊಲಿಯುವವಳು ಯಾವ ಪುಸ್ತಕದಲ್ಲಿದ್ದಾರೆ? ಕೆಮ್ಮಣ್ಣುಗುಂಡಿಯ ಗಣಿ ನಿಂತ ಮೇಲೆ ಉಕ್ಕಿನ ಕಾರ್ಖಾನೆಗೆ ಸ್ವಂತ ಅದಿರಿಲ್ಲದಂತಾಯಿತು. 1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ಲೀನವಾದಾಗ ನಿರ್ಧಾರದ ಬೀಗದಕೈಯೂ ದೆಹಲಿಗೆ ಹೋಯಿತು. ಕಾಗದ ಕಾರ್ಖಾನೆ 2010ರ ದಶಕದ ನಡುವೆ ನಿಂತಿತು. ಎರಡು ಬಾಗಿಲು ಮುಚ್ಚಿದರೆ ಮೂರನೆಯದಾಗಿ ಯಾವುದನ್ನು ತೆರೆಯಬೇಕೆಂಬ ಯೋಚನೆ, ಕೈಯಲ್ಲಿ ಹಣವಿದ್ದ ದಿನಗಳಲ್ಲಿ ಆಗಲಿಲ್ಲ.

ನನ್ನ ಅತ್ತೆ ಸಂಬಳ ಬಂದ ದಿನವೇ ಒಂದಿಷ್ಟು ತೆಗೆದು ಸಾಸಿವೆ ಡಬ್ಬಿಗೆ ಹಾಕುತ್ತಿದ್ದರು. "ದುಡಿಯೋ ಕೈ ಒಂದೇ ಇದ್ದಾಗ ಎರಡನೇ ದಾರಿ ನಾವೇ ಮಾಡ್ಕೋಬೇಕು" ಎನ್ನುತ್ತಿದ್ದರು. ಊರಿಗೂ ಅಂಥದೊಂದು ಡಬ್ಬಿ ಬೇಕಿತ್ತು. ಲಕ್ಕವಳ್ಳಿಯ ಜಲಾಶಯ ಕೊಟ್ಟ ಗದ್ದೆ ತೋಟಗಳಿವೆ. ಎಂಟು ಶತಮಾನ ಹತ್ತಿರವಾದ ಗುಡಿಯಿದೆ. ಯಂತ್ರ ಬಲ್ಲ ಕೈಗಳಿವೆ. ಇವನ್ನು ಜೋಡಿಸುವ ಯೋಜನೆಗೆ ಮತ್ತೆ ಡಬ್ಬಿ ತೆರೆದು ನೋಡುವುದರಿಂದಲೇ ಆರಂಭಿಸಬೇಕು. ಈ ಸಲ ಹೆಂಗಸರನ್ನೂ ಹೊಳೆಯನ್ನೂ ಕೇಳಿ ಚೀಟಿ ಬರೆಯಬೇಕು.

ಅದೇ ವರ್ಷ ಉಕ್ಕಿನ ಕಾರ್ಖಾನೆಯ ಕೆಲವು ವಿಭಾಗಗಳು ಮತ್ತೆ ನಡೆದವು. ಆ ಹುಡುಗಿ ಅಷ್ಟರಲ್ಲಿ ಕಾಲೇಜು ಸೇರಿದ್ದಳು. ಸೇತುವೆಯ ಬಳಿ ಸಿಕ್ಕಾಗ ನಾನೇ ಕೇಳಿದೆ, "ಅವತ್ತು ಪರೀಕ್ಷೆಯಲ್ಲಿ ಏನಮ್ಮ ಬರೆದೆ?"

"'ಇದೆ' ಅಂತಲೇ ಬರೆದೆ ಮೇಡಂ. ನಮ್ಮಪ್ಪ ಇನ್ನೂ ಧರಣಿಯಲ್ಲಿದ್ರಲ್ಲ" ಎಂದಳು.