ತವರು ತಿಳಿಯುವ ಮೊದಲೇ ಊರೂರು ಸೇರಿದ ಮರ

ಯುರೋಪಿನವರು ಹಾರ್ಸ್ ಚೆಸ್ಟ್‌ನಟ್ ಮರವನ್ನು ಸುಮಾರು ನಾಲ್ಕೂವರೆ ಶತಮಾನಗಳಿಂದ ಬೆಳೆಸುತ್ತಿದ್ದಾರೆ. ಅದರಲ್ಲಿ ಮೊದಲ ಮೂರು ಶತಮಾನ ಅವರಿಗೆ ಅದರ ಹುಟ್ಟೂರೇ ಗೊತ್ತಿರಲಿಲ್ಲ. ಸುಟ್ಟು ತಿನ್ನುವ ಚೆಸ್ಟ್‌ನಟ್‌ಗೂ ಇದಕ್ಕೂ ನಂಟಿಲ್ಲ. ಇದು ನಮ್ಮ ಅಂಟುವಾಳದ ಕುಟುಂಬಕ್ಕೆ ಸೇರಿದ್ದು. ಬೀಜ ಜಜ್ಜಿ ನೀರಿಗೆ ಹಾಕಿದರೆ ಅಂಟುವಾಳದ ಹಾಗೆಯೇ ನೊರೆ ಬರುತ್ತದೆ, ಬಾಯಿಗಿಟ್ಟರೆ ಕಹಿ ಮತ್ತು ವಿಷ.

ಮರದ ಸುದ್ದಿ ಪಶ್ಚಿಮಕ್ಕೆ ಬಂದದ್ದು ಕಾನ್‌ಸ್ಟಾಂಟಿನೋಪಲ್‌ನಿಂದ. ಅಲ್ಲಿನ ರಾಯಭಾರಿಯ ಜೊತೆಗಿದ್ದ ಕ್ವಾಕೆಲ್‌ಬೀನ್ ಎಂಬ ವೈದ್ಯ 1557ರಲ್ಲಿ ಇಟಲಿಯ ಸಸ್ಯತಜ್ಞ ಮತ್ತಿಯೋಲಿಗೆ ಪತ್ರ ಬರೆದು, ತುರ್ಕರು ಈ ಬೀಜವನ್ನು ಏದುಸಿರಿನ ಕುದುರೆಗಳಿಗೆ ಮದ್ದಾಗಿ ತಿನ್ನಿಸುತ್ತಾರೆಂದು ತಿಳಿಸಿದ. 1576ರಲ್ಲಿ ಬೀಜ ವಿಯೆನ್ನಾದ ಸಸ್ಯತಜ್ಞ ಕ್ಲೂಸಿಯಸ್‌ನ ಕೈ ಸೇರಿತು. 1615ರ ಹೊತ್ತಿಗೆ ಪ್ಯಾರಿಸ್‌ನಲ್ಲೂ ಗಿಡ ಎದ್ದಿತ್ತು. ಬೀಜ ಬಂದ ದಾರಿ ನೋಡಿ ಎಲ್ಲರೂ ಇದು ಏಷ್ಯಾದ ಮರ ಎಂದುಕೊಂಡರು. 18ನೇ ಶತಮಾನದ ಕೊನೆಗೆ ಹಾಕಿನ್ಸ್ ಎಂಬ ಪ್ರವಾಸಿ ಗ್ರೀಸ್‌ನ ಬೆಟ್ಟಗಳಲ್ಲಿ ಇದನ್ನು ಕಂಡೆನೆಂದಾಗ ಕಿವಿಗೊಟ್ಟವರು ಕಡಿಮೆ. ಕೊನೆಗೆ ಅಥೆನ್ಸ್‌ನಲ್ಲಿ ನೆಲೆಸಿದ್ದ ಜರ್ಮನ್ ಸಸ್ಯವಿಜ್ಞಾನಿ ಹೆಲ್ಡ್‌ರೈಕ್ 1879ರಲ್ಲಿ ಅನುಮಾನ ಬಗೆಹರಿಸಿದ. ಗ್ರೀಸ್, ಅಲ್ಬೇನಿಯ, ಮ್ಯಾಸಿಡೋನಿಯದ ತಂಪು ಕೊರಕಲುಗಳೇ ಇದರ ತವರು.

ಅಷ್ಟರಲ್ಲಿ ಮರ ಯುರೋಪಿನ ಸಾಲುಮರವಾಗಿಬಿಟ್ಟಿತ್ತು. ಲಂಡನ್ ಬಳಿಯ ಬುಷಿ ಪಾರ್ಕಿನ ಉದ್ದನೆಯ ಸಾಲು 1699ರದು, ಯೋಜನೆ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ನನದು. ಬವೇರಿಯದವರು ಬಿಯರ್ ತಂಪಾಗಿಡುವ ನೆಲಮಾಳಿಗೆಗಳ ಮೇಲೆ ನೆರಳಿಗೆಂದು ನೆಟ್ಟರು. ಇಂದಿನ ಬಿಯರ್ ತೋಟಗಳು ಹುಟ್ಟಿದ್ದು ಆ ನೆರಳಲ್ಲೇ. ಆ ಕಾಲದ ತೋಟಗಾರರಿಗೆ ಬೇಕಿದ್ದದ್ದು ಅಂದ ಮಾತ್ರ. ಅಮೆರಿಕದ ಕೆಂಪು ಜಾತಿಯೊಂದಿಗೆ ಬೆರೆತ ಗುಲಾಬಿ ಹೂವಿನ ಮಿಶ್ರತಳಿ ಬಂತು. ಎಸಳು ತುಂಬಿ ಕಾಯಿಯನ್ನೇ ಬಿಡದ ಬಾಮಾನಿ ತಳಿ ಜಿನೀವಾದಲ್ಲಿ ಸಿಕ್ಕಿತು. ಬೀದಿ ಗುಡಿಸುವವರಿಗೆ ಅದು ವರವೇ ಸರಿ. 1917ರಲ್ಲಿ ಬ್ರಿಟನ್ ಸರ್ಕಾರ ಶಾಲಾಮಕ್ಕಳಿಂದ ಬೀಜ ಆಯಿಸಿ ಸಿಡಿಮದ್ದಿಗೆ ಬೇಕಾದ ಅಸಿಟೋನ್ ತೆಗೆಯಲು ಹೊರಟಿದ್ದೂ ಉಂಟು. ಆದರೆ ಅದರಿಂದ ಹೆಚ್ಚೇನೂ ಗಿಟ್ಟಲಿಲ್ಲ.

ಸಸಿ ಮಾಡುವ ವಿದ್ಯೆ ಮಾತ್ರ ಹೆಚ್ಚು ಬದಲಾಗಿಲ್ಲ. ಇದರ ಬೀಜ ರಾಗಿ, ಜೋಳದಂತೆ ಒಣಗಿಸಿ ಕಾಪಿಡುವಂಥದಲ್ಲ, ಒಣಗಿದರೆ ಸಾಯುತ್ತದೆ. ಶರತ್ಕಾಲದಲ್ಲಿ ಮುಳ್ಳುಸಿಪ್ಪೆ ಬಿರಿದು ಬಿದ್ದ ಕೂಡಲೇ ಆಯಬೇಕು, ನೀರಿಗೆ ಹಾಕಿ ತೇಲಿದವನ್ನು ಎಸೆಯಬೇಕು, ಮುಳುಗಿದವನ್ನು ಬಿತ್ತಬೇಕು. ಹೊಳೆಯುವ ಕಂದು ಬೀಜದ ಒಂದು ಬದಿಯಲ್ಲಿ ಮಾಸಲು ಬಿಳಿ ಮಚ್ಚೆಯಿರುತ್ತದೆ. ಬೇರು ಅದರ ಅಂಚಿನಲ್ಲೇ ಒಡೆಯುವುದರಿಂದ ಆ ಮಚ್ಚೆ ಕೆಳಮುಖವಾಗಿರಬೇಕು. ಆಮೇಲೆ ಮೂರು ನಾಲ್ಕು ತಿಂಗಳು ಒದ್ದೆ ಮಣ್ಣಿನಲ್ಲಿ ಚಳಿ ಉಂಡರೆ ವಸಂತಕ್ಕೆ ಮೊಳಕೆ. ಬೆಂಗಳೂರಿನ ಕುಂಡದಲ್ಲಿ ಇದನ್ನು ಎಬ್ಬಿಸಹೊರಟವರು ಬೀಜವನ್ನು ಫ್ರಿಜ್ಜಿನಲ್ಲಿಟ್ಟು ಆ ಚಳಿಯನ್ನು ಒದಗಿಸಬಹುದು. ಆದರೆ ಮುಂದೆ ವರ್ಷ ವರ್ಷವೂ ಅದಕ್ಕೊಂದು ಚಳಿಗಾಲವನ್ನು ಎಲ್ಲಿಂದ ತರುವುದು? ತಾಯಿಬೇರು ಆಳಕ್ಕಿಳಿಯುವುದರಿಂದ ಎಳೆಯದರಲ್ಲೇ ಜಾಗ ಬದಲಿಸಿದರೆ ಒಳ್ಳೆಯದು. ಬೆಳೆದ ಮರದ ಬುಡ ತೇವವಾಗಿರಬೇಕು. ನೀರು ಕಡಿಮೆಯಾದರೂ, ಹಿಮ ಕರಗಿಸಲು ರಸ್ತೆಗೆ ಸುರಿದ ಉಪ್ಪು ತಾಗಿದರೂ ಎಲೆಯಂಚು ಸುಟ್ಟಂತಾಗುತ್ತದೆ. ಕೊರಕಲಿನ ಮರವನ್ನು ಡಾಂಬರಿನ ನಡುವೆ ನಿಲ್ಲಿಸಿದರೆ ಇನ್ನೇನಾದೀತು! ಇದರ ಕಟ್ಟಿಗೆ ಮೆದು, ಗಾಯ ಬೇಗ ಕೊಳೆಯುತ್ತದೆ. ಹಾಗಾಗಿ ದಪ್ಪ ಕೊಂಬೆಗೆ ಗರಗಸ ಹಾಕದಿರುವುದು ಜಾಣತನ.

ಆರೈಕೆ ಒಂದು ಶಾಸ್ತ್ರವಾದದ್ದು ಪಿಡುಗುಗಳು ಬಂದ ಮೇಲೆಯೇ. 1980ರ ದಶಕದ ನಡುವೆ ಮ್ಯಾಸಿಡೋನಿಯದ ಓಹ್ರಿಡ್ ಸರೋವರದ ಬಳಿಯ ಮರಗಳ ಎಲೆ ನಡುಬೇಸಿಗೆಯಲ್ಲೇ ಕಂದಾಗತೊಡಗಿತು. ಎಲೆಯನ್ನು ಬೆಳಕಿಗೆ ಹಿಡಿದರೆ ಮೇಲುಪೊರೆಯ ಕೆಳಗೆ ಹಸಿರು ಮೇಯುವ ಪುಟಾಣಿ ಹುಳುವೂ ಅದರ ಹಿಕ್ಕೆಯೂ ಕಾಣುತ್ತವೆ. ಕಮೆರೇರಿಯ ಓಹ್ರಿಡೆಲ್ಲ ಎಂಬ ಈ ಪತಂಗವನ್ನು 1986ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿದರು. 1989ಕ್ಕೆ ಅದು ಆಸ್ಟ್ರಿಯದಲ್ಲಿತ್ತು, 2002ಕ್ಕೆ ಲಂಡನ್ನಿನಲ್ಲಿ. ಎಲ್ಲಿಂದ ಬಂತೆಂಬ ತರ್ಕಕ್ಕೆ ಉತ್ತರ 2011ರಲ್ಲಿ ಹಳೆಯ ಒಣಸಸ್ಯ ಸಂಗ್ರಹಗಳಲ್ಲಿ ಸಿಕ್ಕಿತು. ಹೆಲ್ಡ್‌ರೈಕ್ 1879ರಲ್ಲಿ ಗ್ರೀಸ್‌ನಲ್ಲಿ ಕಿತ್ತು ಒತ್ತಿಟ್ಟಿದ್ದ ಎಲೆಗಳೊಳಗೇ ಅದೇ ಹುಳು ಇತ್ತು! ಮರದ ತವರನ್ನು ತೋರಿಸಿದವನೇ ಹುಳುವಿನ ತವರನ್ನೂ ತಿಳಿಯದೆ ಕಟ್ಟಿಟ್ಟಿದ್ದ. ನನ್ನ ಮಟ್ಟಿಗೆ ಈ ಮರದ ಕುರಿತ ಸಂಶೋಧನೆಯಲ್ಲೇ ಅತ್ಯಂತ ಸೊಗಸಾದ ಕೆಲಸವಿದು.

ಎರಡನೆಯ ಪಿಡುಗಿನ ಜಾಡು ಭಾರತಕ್ಕೆ ಬರುತ್ತದೆ. ಕಾಶ್ಮೀರದಿಂದ ನೇಪಾಳದವರೆಗೆ ಹಿಮಾಲಯದಲ್ಲಿ ಹಾರ್ಸ್ ಚೆಸ್ಟ್‌ನಟ್‌ನ ದಾಯಾದಿ ಜಾತಿಯೊಂದಿದೆ. ಗಢವಾಲದವರಿಗೆ ಅದು ಪಾಂಗರ್, ಹಿಮಾಚಲದವರಿಗೆ ಖನೋರ್. ಬರಗಾಲದಲ್ಲಿ ಬೀಜವನ್ನು ದಿನಗಟ್ಟಲೆ ನೀರಿನಲ್ಲಿ ನೆನೆಸಿ, ಕಹಿ ಕಳೆದು ಹಿಟ್ಟು ಮಾಡುತ್ತಿದ್ದರು. 1969ರಲ್ಲಿ ಈ ಮರದ ಎಲೆಚುಕ್ಕೆಯಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಲಾಗಿತ್ತು. ಹಿಮಾಲಯದಲ್ಲಿ ಎಲೆಗಷ್ಟೇ ಕಲೆ ಹಾಕುವ ಸೂಡೊಮೊನಾಸ್ ಅದು. ಆದರೆ 2000ದ ದಶಕದಲ್ಲಿ ಅದೇ ಬಗೆಯ ಬ್ಯಾಕ್ಟೀರಿಯ ಯುರೋಪಿನ ಮರಗಳ ತೊಗಟೆಗೆ ಇಳಿಯಿತು. ಕಾಂಡದಿಂದ ತುಕ್ಕಿನ ಬಣ್ಣದ ರಸ ಸೋರುತ್ತದೆ, ತೊಗಟೆ ಬಿರಿಯುತ್ತದೆ, ಸೋಂಕು ಕಾಂಡವನ್ನು ಸುತ್ತಿಕೊಂಡರೆ ಮರ ಹೋಯಿತು. 2017ರಲ್ಲಿ ಹಾರ್ಸ್ ಚೆಸ್ಟ್‌ನಟ್ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಅಪಾಯಕ್ಕೀಡಾಗಬಲ್ಲ ಜಾತಿಯೆಂದು ಸೇರಿತು.

ಪತಂಗದ ಕೋಶ ಚಳಿಗಾಲ ಕಳೆಯುವುದು ಉದುರಿದ ಎಲೆಯೊಳಗೆ. ಬರ್ಲಿನ್‌ನಂಥ ನಗರಗಳಲ್ಲಿ ಶರತ್ಕಾಲದಲ್ಲಿ ತರಗೆಲೆ ಗುಡಿಸಿ ಒಟ್ಟುಮಾಡುವುದು ಅದಕ್ಕೇ. ಗೊಬ್ಬರದ ಗುಂಡಿಗೆ ಹಾಕಿದರೆ ಮೇಲೆ ಮಣ್ಣು ಮುಚ್ಚಬೇಕು. ಎಲೆ ಕಂದಾಯಿತೆಂದು ಮರ ಕಡಿಯುವುದು ದುಡುಕು. ಹುಳುವಿನಿಂದ ಬೀಜ ಸಣ್ಣದಾಗುತ್ತದೆ, ಮರ ಸಾಯುವುದಿಲ್ಲ. ರಸ ಸೋರುವ ಮರಗಳಲ್ಲೂ ಎಷ್ಟೋ ಚೇತರಿಸಿಕೊಂಡಿವೆ. ಈಗ ಖಾಲಿಬಿದ್ದ ಜಾಗಗಳಲ್ಲಿ ಕೆಲವರು ಹಿಮಾಲಯದ ಪಾಂಗರನ್ನೇ ನೆಡುತ್ತಿದ್ದಾರೆ, ಪತಂಗಕ್ಕೆ ಅದರ ಎಲೆ ಅಷ್ಟು ರುಚಿಸುವುದಿಲ್ಲವಂತೆ.